ಗಾಡಿಯೂ ಎತ್ತನ್ನು ಎಳೆಯುತ್ತದೆ

ತಮ್ಮನ ಮಗಳು ಈ ವರ್ಷ ಪ್ರಥಮ ಪಿಯುಸಿ. ದಸರಾ ರಜೆಗೆ ಊರಿಗೆ ಬಂದವಳು ಮೂರು ದಿನ ಭೌತಶಾಸ್ತ್ರದ ಪುಸ್ತಕವನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ನಾಲ್ಕನೆಯ ದಿನ ಸಂಜೆ ಅದನ್ನು ಎದೆಗವಚಿಕೊಂಡು ಜಗಲಿಗೆ ಬಂದಳು.

“ದೊಡ್ಡಪ್ಪ, ಎತ್ತು ಗಾಡೀನ ಎಷ್ಟು ಜೋರಾಗಿ ಎಳೆಯುತ್ತೋ, ಗಾಡೀನೂ ಎತ್ತನ್ನ ಅಷ್ಟೇ ಜೋರಾಗಿ ಹಿಂದಕ್ಕೆ ಎಳೆಯುತ್ತೆ. ನ್ಯೂಟನ್ನನ ಮೂರನೇ ನಿಯಮ. ಬಾಯಿಪಾಠ ಬರುತ್ತೆ. ಆದ್ರೆ ಎರಡೂ ಸಮ ಅಂದ್ಮೇಲೆ ಗಾಡಿ ನಿಂತಲ್ಲೇ ನಿಂತಿರಬೇಕಲ್ವಾ? ಮುಂದಕ್ಕೆ ಹೋಗೋದು ಹೇಗೆ?”

ಕಾಲೇಜಿನಲ್ಲಿ ಮನೆಗೆಲಸಕ್ಕೆ ಕೊಟ್ಟ ಲೆಕ್ಕದಲ್ಲಿ ಇದ್ದದ್ದು ಕುದುರೆಗಾಡಿ. ಅದನ್ನು ಅವಳು ಎತ್ತಿನ ಗಾಡಿ ಮಾಡಿಕೊಂಡಿದ್ದಳು. ಪ್ರಶ್ನೆ ಬಹಳ ಹಳೆಯದು. 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಮೂರನೆಯ ನಿಯಮ ಹೇಳಿದ ಬೆನ್ನಿಗೇ ನ್ಯೂಟನ್ ಕೊಡುವ ಉದಾಹರಣೆಗಳಲ್ಲಿ ಹಗ್ಗ ಕಟ್ಟಿ ಕಲ್ಲೆಳೆಯುವ ಕುದುರೆಯೂ ಒಂದು. ಕಲ್ಲು ಕೂಡ ಕುದುರೆಯನ್ನು ಅಷ್ಟೇ ಬಲದಿಂದ ತನ್ನ ಕಡೆಗೆ ಎಳೆಯುತ್ತದೆ ಎಂದು ಅವನೇ ಬರೆದಿದ್ದಾನೆ. ಅಂದರೆ ನಿಯಮ ಹುಟ್ಟಿದ ದಿನದಿಂದಲೂ ಈ ಒಗಟು ಅದರ ಜೊತೆಗೇ ಇದೆ. ನಿಯಮವನ್ನು ಒಪ್ಪಿಸಿ ಅಂಕ ತೆಗೆದುಕೊಂಡು ಮುಂದೆ ಹೋಗುವ ಹತ್ತು ಮಕ್ಕಳಿಗಿಂತ ಈ ಪ್ರಶ್ನೆಗೆ ಅಡ್ಡಿಬಿದ್ದು ಕೂತ ಒಂದು ಮಗು ಭೌತಶಾಸ್ತ್ರಕ್ಕೆ ಹತ್ತಿರ ಇದೆ ಎಂಬುದು ನನ್ನ ನಂಬಿಕೆ. ಅವಳಿಗೂ ಅದನ್ನೇ ಹೇಳಿದೆ. ಆಮೇಲೆ ಒಂದು ಪೆನ್ಸಿಲ್ ತರಲು ಹೇಳಿದೆ.

ಒಂದು ಗೆರೆ ಎಳೆಯೋಣ

ಗಾಡಿಯ ಚಿತ್ರ ಬರೆದು ಅದರ ಸುತ್ತ ಒಂದು ಗೆರೆ ಎಳೆಯಬೇಕು. ನೊಗ ಎತ್ತಿನ ಹೆಗಲಿಗೆ ತಾಗುವ ಜಾಗದಲ್ಲಿ ಗೆರೆ ಹಾಯಬೇಕು, ಗಾಲಿ ನೆಲಕ್ಕೆ ತಾಗುವಲ್ಲಿ ಹಾಯಬೇಕು. ಗೆರೆಯ ಒಳಗೆ ಗಾಡಿ ಮಾತ್ರ. ಎತ್ತು ಹೊರಗೆ, ರಸ್ತೆ ಹೊರಗೆ. ಈಗ ಕೇಳಬೇಕಾದದ್ದು ಒಂದೇ: ಹೊರಗಿನವರು ಯಾರು ಯಾರು ಗಾಡಿಯನ್ನು ಮುಟ್ಟಿದ್ದಾರೆ?

ಎತ್ತಿನ ಹೆಗಲು ನೊಗವನ್ನು ಮುಟ್ಟಿದೆ, ಅದು ಮುಂದಕ್ಕೆ ತಳ್ಳುತ್ತದೆ. ರಸ್ತೆ ಗಾಲಿಗಳನ್ನು ಮುಟ್ಟಿದೆ, ಅದು ಹಿಂದಕ್ಕೆ ಹಿಡಿಯುತ್ತದೆ, ಜೊತೆಗೆ ಗಾಡಿಯ ಭಾರವನ್ನು ಹೊತ್ತು ಮೇಲಕ್ಕೆ ಒತ್ತುತ್ತದೆ. ಮುಟ್ಟದೆಯೂ ಎಳೆಯುವವರು ಈ ಲೆಕ್ಕದಲ್ಲಿ ಒಬ್ಬರೇ, ಭೂಮಿ. ಅದು ಕೆಳಕ್ಕೆ ಎಳೆಯುತ್ತದೆ. ಅಲ್ಲಿಗೆ ಪಟ್ಟಿ ಮುಗಿಯಿತು. ಮೇಲಕ್ಕೂ ಕೆಳಕ್ಕೂ ಸರಿಹೋಗುತ್ತದೆ, ಗಾಡಿ ಹಾರುವುದೂ ಇಲ್ಲ, ಹೂತುಹೋಗುವುದೂ ಇಲ್ಲ. ಉಳಿದದ್ದು ಮುಂದಕ್ಕೆ ನೊಗದ ಬಲ, ಹಿಂದಕ್ಕೆ ರಸ್ತೆಯ ಬಲ.

ಹಾಗಾದರೆ ಗಾಡಿ ಎತ್ತನ್ನು ಹಿಂದಕ್ಕೆ ಎಳೆಯುವ ಬಲ ಎಲ್ಲಿ ಹೋಯಿತು? ಅದು ಎತ್ತಿನ ಮೇಲೆ ಬೀಳುವ ಬಲ. ಎತ್ತು ಗೆರೆಯಾಚೆ ಇದೆ. ಗಾಡಿಯ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಅಂಕಿ ಹಾಕಿ ನೋಡಿದರೆ ಇನ್ನೂ ನಿಚ್ಚಳ. ಬಲವನ್ನು ಅಳೆಯುವ ಮಾನಕ್ಕೆ ನ್ಯೂಟನ್ನನ ಹೆಸರೇ ಇದೆ. ಅಂಗೈ ಮೇಲೆ ನೂರು ಗ್ರಾಂ ತೂಗುವ ಬಾಳೆಹಣ್ಣು ಇಟ್ಟರೆ ಅದು ಒತ್ತುವುದು ಸುಮಾರು ಒಂದು ನ್ಯೂಟನ್. ಐವತ್ತು ಕಿಲೋ ಮೂಟೆ ಹೊತ್ತವನ ಬೆನ್ನಿಗೆ ಬೀಳುವುದು ಸುಮಾರು 500 ನ್ಯೂಟನ್. ನಮ್ಮ ಜೋಡೆತ್ತು ನೊಗವನ್ನು 500 ನ್ಯೂಟನ್ ಬಲದಿಂದ ಮುಂದಕ್ಕೆ ತಳ್ಳುತ್ತಿವೆ, ರಸ್ತೆ 300 ನ್ಯೂಟನ್‌ನಷ್ಟು ಹಿಡಿಯುತ್ತಿದೆ ಎನ್ನೋಣ. ಉಳಿಕೆ 200. ಗಾಡಿ 400 ಕಿಲೋ. ಉಳಿಕೆಯನ್ನು ಕಿಲೋಗಳಿಗೆ ಹಂಚಿದರೆ ಬರುವುದು ಅರ್ಧ. ಅಂದರೆ ಪ್ರತಿ ಸೆಕೆಂಡಿಗೂ ಗಾಡಿಯ ವೇಗ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಏರುತ್ತದೆ. ಪುಸ್ತಕದಲ್ಲಿ ವೇಗೋತ್ಕರ್ಷ ಎಂದು ಕರೆಯುವುದು ಇದನ್ನೇ, ವೇಗಕ್ಕೆ ಸಿಕ್ಕುವ ಏರಿಕೆ.

ಹೀಗೆ ಒಂದನ್ನೇ ಬಿಡಿಸಿಟ್ಟು, ಅದರ ಮೇಲೆ ಬೀಳುವ ಬಲಗಳನ್ನು ಮಾತ್ರ ಬಾಣದ ಗುರುತಿನಲ್ಲಿ ಬರೆಯುವ ಚಿತ್ರಕ್ಕೆ ನಾನು ಒಂಟಿಚಿತ್ರ ಎನ್ನುತ್ತೇನೆ. ಕಾಲೇಜಿನಲ್ಲಿ ಅದರ ಹೆಸರು ಫ್ರೀ ಬಾಡಿ ಡಯಾಗ್ರಂ. ಎರಡು ಅಂಕದ ಪ್ರಶ್ನೆಗೆ ಬರೆಯುವ ಅಲಂಕಾರ ಎಂದು ಮಕ್ಕಳು ಅದನ್ನು ತಿಳಿದಿರುತ್ತಾರೆ. ಲೆಕ್ಕದ ಮುಕ್ಕಾಲು ಕೆಲಸ ಅಲ್ಲೇ ಆಗುತ್ತದೆ.

ಎರಡು ಅಂಗಡಿ, ಎರಡು ಕಿರ್ದಿ

“ಸರಿ, ಆದ್ರೆ ಎತ್ತನ್ನ ಹಿಂದಕ್ಕೆ ಎಳೆಯೋ ಬಲ ಇದ್ದೇ ಇದೆಯಲ್ಲ. ಎತ್ತು ಯಾಕೆ ನಿಲ್ಲಲ್ಲ?” ಅಂದಳು. ಈಗ ಎತ್ತುಗಳ ಸುತ್ತ ಗೆರೆ. ಎರಡೂ ಸೇರಿ 800 ಕಿಲೋ ಎನ್ನೋಣ. ಅವುಗಳ ಪಟ್ಟಿಯಲ್ಲಿ ನೊಗದಿಂದ ಹಿಂದಕ್ಕೆ 500 ನ್ಯೂಟನ್ ಬಂದೇ ಬರುತ್ತದೆ, ಮೂರನೆಯ ನಿಯಮ ಸುಳ್ಳಾಗುವುದಿಲ್ಲ. ಆದರೆ ಎತ್ತನ್ನು ಇನ್ನೊಬ್ಬರು ಮುಟ್ಟಿದ್ದಾರೆ: ನೆಲ. ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಅದನ್ನು ಮುಂದಕ್ಕೆ ದೂಡುತ್ತದೆ. ಗಾಡಿಯ ಜೊತೆಗೇ ಹೆಜ್ಜೆ ಹಾಕಬೇಕಾದರೆ ಎತ್ತುಗಳ ವೇಗವೂ ಅದೇ ಲೆಕ್ಕದಲ್ಲಿ ಏರಬೇಕು. 800 ಕಿಲೋಗೆ ಅರ್ಧದಂತೆ 400 ನ್ಯೂಟನ್ ಉಳಿಕೆ ಬೇಕು. ಹಿಂದಕ್ಕೆ 500 ಹೋಗುತ್ತಿರುವುದರಿಂದ ನೆಲ 900 ಕೊಡಬೇಕು.

ಗಾಡಿಯನ್ನು ಓಡಿಸುವ ಬಲ ನಿಜವಾಗಿ ಬರುವುದು ನೆಲದಿಂದ. ಕೆಸರುಗದ್ದೆಯಲ್ಲಿ ಗಾಡಿ ಹೂತಾಗ ಎಂಥ ಕಟ್ಟುಮಸ್ತಾದ ಎತ್ತೂ ಕಾಲು ಜಾರಿ ಸೋಲುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿದ್ದೇವೆ. ಅಲ್ಲಿ ಎತ್ತಿನ ಕಸುವು ಕಡಿಮೆಯಾಗಿರುವುದಿಲ್ಲ, ನೆಲ ತಿರುಗಿ ದೂಡುವುದು ನಿಂತಿರುತ್ತದೆ. ಕೆಸರಲ್ಲಿ ಗಾಲಿಯ ಕೆಳಗೆ ಚಪ್ಪಡಿ ಕಲ್ಲು ಸೇರಿಸುವುದಷ್ಟೇ ಅಲ್ಲ, ಎತ್ತಿನ ಕಾಲಡಿಗೂ ಸೊಪ್ಪುಸದೆ ಹಾಕುವುದು ಇದಕ್ಕೇ.

ಈಗ ಮೂರನೆಯ ಗೆರೆ, ಎತ್ತು ಗಾಡಿ ಎರಡನ್ನೂ ಒಳಗೊಂಡದ್ದು. ನೊಗ ಗೆರೆಯ ಒಳಗಾಯಿತು. ಹೊರಗಿನಿಂದ ಬರುವುದು ಗೊರಸಿಗೆ ಮುಂದಕ್ಕೆ 900, ಗಾಲಿಗೆ ಹಿಂದಕ್ಕೆ 300. ಉಳಿಕೆ 600. ಒಟ್ಟು ಭಾರ 1200 ಕಿಲೋ. ಹಂಚಿದರೆ ಮತ್ತೆ ಅರ್ಧ. ಮೂರು ಗೆರೆ ಎಳೆದು ಮೂರು ದಾರಿಯಲ್ಲಿ ಹೋದರೂ ಉತ್ತರ ಒಂದೇ. ಹುಡುಗಿ ಇದನ್ನು ಎರಡು ಸಲ ಗುಣಿಸಿ ಭಾಗಿಸಿ ನೋಡಿದಳು.

ಅವಳ ಅಜ್ಜ, ನನ್ನ ಅಪ್ಪ, ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟವರು. ಅವರ ಕಿರ್ದಿ ಪುಸ್ತಕಗಳು ಇನ್ನೂ ಅಟ್ಟದಲ್ಲಿವೆ. ಅಪ್ಪ ಎಣ್ಣೆಗಾಣದವರಿಗೆ ಐನೂರು ರೂಪಾಯಿ ಕೊಟ್ಟರೆ ಅಪ್ಪನ ಕಿರ್ದಿಯಲ್ಲಿ ಅದು ಖರ್ಚು, ಗಾಣದವರ ಕಿರ್ದಿಯಲ್ಲಿ ಜಮೆ. ಎರಡೂ ಐನೂರೇ, ಒಂದು ಬಿಡಿಗಾಸೂ ವ್ಯತ್ಯಾಸವಿಲ್ಲ. ಹಾಗೆಂದು ಎರಡನ್ನೂ ಕಳೆದು, ಕೊಟ್ಟದ್ದೂ ಇಲ್ಲ ಪಡೆದದ್ದೂ ಇಲ್ಲ ಎಂದು ಯಾವ ಗುಮಾಸ್ತನೂ ಬರೆಯುವುದಿಲ್ಲ. ಜಮೆ ಒಬ್ಬರ ಪುಸ್ತಕದ್ದು, ಖರ್ಚು ಇನ್ನೊಬ್ಬರದು. ಎರಡೂ ಅಂಗಡಿ ಒಂದೇ ಮನೆತನದ್ದಾಗಿದ್ದು ಕೂಡುಲೆಕ್ಕ ಬರೆದರೆ ಮಾತ್ರ ಆ ಐನೂರು ಕಾಣದಂತಾಗುತ್ತದೆ. ನಮ್ಮ ಮೂರನೆಯ ಗೆರೆಯಲ್ಲಿ ನೊಗದ ಬಲ ಕಾಣದಂತಾದದ್ದು ಹೀಗೆ. ಮೂರನೆಯ ನಿಯಮದ ಎರಡು ಬಲಗಳು ಎಂದೂ ಒಂದೇ ಕಿರ್ದಿಯಲ್ಲಿ ಬರುವುದಿಲ್ಲ. ಹುಡುಗಿಯ ಒಗಟಿನ ಗಂಟು ಇದ್ದದ್ದು ಇಲ್ಲಿ: ಎರಡು ಅಂಗಡಿಯ ಲೆಕ್ಕವನ್ನು ಅವಳು ಒಂದೇ ಹಾಳೆಯಲ್ಲಿ ಬರೆದಿದ್ದಳು.

ಲಿಫ್ಟಿನಲ್ಲಿ ಒಂದು ತಕ್ಕಡಿ

ಇದೇ ಗೊಂದಲ ಇನ್ನೊಂದು ವೇಷದಲ್ಲಿ ಬರುತ್ತದೆ. ಮೇಜಿನ ಮೇಲಿನ ಪುಸ್ತಕವನ್ನು ಭೂಮಿ ಕೆಳಕ್ಕೆ ಎಳೆಯುತ್ತದೆ, ಮೇಜು ಮೇಲಕ್ಕೆ ಒತ್ತುತ್ತದೆ, ಇವೆರಡು ಮೂರನೆಯ ನಿಯಮದ ಜೋಡಿ ಎಂದು ಬರೆಯುವವರೇ ಹೆಚ್ಚು. ಆದರೆ ಎರಡೂ ಬೀಳುವುದು ಪುಸ್ತಕದ ಮೇಲೆ, ಎರಡೂ ಒಂದೇ ಕಿರ್ದಿಯವು. ಆದ್ದರಿಂದ ಅವು ಜೋಡಿಯಾಗಲಾರವು. ಪುಸ್ತಕ ನಿಂತಿರುವುದರಿಂದ ಅಲ್ಲಿ ಸಮವಾಗಿವೆ, ಅಷ್ಟೆ.

ಲಿಫ್ಟಿಗೆ ಹೋದರೆ ಸಮವೂ ತಪ್ಪುತ್ತದೆ. 60 ಕಿಲೋ ಇರುವ ಒಬ್ಬರು ಲಿಫ್ಟಿನಲ್ಲಿ ತೂಕದ ಯಂತ್ರದ ಮೇಲೆ ನಿಂತಿದ್ದಾರೆ. ಭೂಮಿ ಅವರನ್ನು ಎಳೆಯುವುದು ಸುಮಾರು 600 ನ್ಯೂಟನ್, ಅದು ಎಲ್ಲಿ ನಿಂತರೂ ಅಷ್ಟೆ. ಲಿಫ್ಟು ಮೇಲಕ್ಕೆ ಹೊರಟು ಪ್ರತಿ ಸೆಕೆಂಡಿಗೆ ಒಂದು ಮೀಟರಿನಂತೆ ವೇಗ ಏರಿಸಿಕೊಳ್ಳುವಾಗ ಅವರ ಪಾದದಡಿಯ ಒತ್ತು 660 ಆಗುತ್ತದೆ. ಮೇಲಿನ ಮಹಡಿ ಹತ್ತಿರ ಬಂದು ಅದೇ ಲೆಕ್ಕದಲ್ಲಿ ನಿಧಾನವಾಗುವಾಗ 540. ಹಾಗಾದರೆ ನಡುವೆ, ಒಂದೇ ವೇಗದಲ್ಲಿ ಮೇಲೇರುತ್ತಿರುವಾಗ? “ಮೇಲಕ್ಕೆ ಹೋಗ್ತಿದೆಯಲ್ಲ, 600ಕ್ಕಿಂತ ಜಾಸ್ತಿ” ಎಂದಳು. ನಾನು ಕೇಳಿದ ದೊಡ್ಡವರಲ್ಲಿ ಮುಕ್ಕಾಲು ಜನ ಹಾಗೇ ಹೇಳಿದ್ದಾರೆ. ಸರಿಯುತ್ತರ 600, ನೆಲಮಹಡಿಯಲ್ಲಿ ನಿಂತಾಗ ಇದ್ದಷ್ಟೇ. ಬಲದ ಉಳಿಕೆ ಬೇಕಾಗುವುದು ವೇಗವಿರಲಿಕ್ಕಲ್ಲ, ವೇಗ ಬದಲಾಗಲಿಕ್ಕೆ.

ಎಸೆದ ಕಾಯಿಯಲ್ಲಿ ಕೈಯ ಬಲ

ಈ ಒಂದು ಮಾತು ತಲೆಗೆ ಇಳಿಯಲು ಮನುಷ್ಯಕುಲಕ್ಕೆ ಬಹಳ ಕಾಲ ಹಿಡಿಯಿತು. ಅಂಗಳದಿಂದ ತಾರಸಿಯ ಮೇಲಿರುವವರಿಗೆ ತೆಂಗಿನಕಾಯಿ ಎಸೆಯುತ್ತೇವೆ. ಕೈಬಿಟ್ಟು ಮೇಲೇರುತ್ತಿರುವ ಕಾಯಿಯ ಮೇಲೆ ಯಾವ ಯಾವ ಬಲಗಳಿವೆ? ಹೆಚ್ಚಿನವರ ಉತ್ತರ: ಕೆಳಕ್ಕೆ ಭೂಮಿಯ ಬಲ, ಮೇಲಕ್ಕೆ ಕೈ ಕೊಟ್ಟ ಬಲ, ಕೈಯ ಬಲ ಕರಗುತ್ತಾ ಹೋಗಿ, ತುದಿಯಲ್ಲಿ ಎರಡೂ ಸಮವಾಗಿ, ಆಮೇಲೆ ಭೂಮಿ ಗೆಲ್ಲುತ್ತದೆ.

ಕೇಳಲು ಎಷ್ಟು ಚೆನ್ನಾಗಿದೆ! ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೋಪೋನಸ್, ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬ್ಯುರಿಡಾನ್ ಯೋಚಿಸಿದ್ದೂ ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿ. ಎಸೆದವನು ವಸ್ತುವಿಗೆ ಏನನ್ನೋ ತುಂಬಿ ಕಳಿಸುತ್ತಾನೆ, ಅದೇ ಅದನ್ನು ಒಯ್ಯುತ್ತದೆ ಎಂದು ಅವರು ವಾದಿಸಿದರು. ಅವರ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ. ಆದ್ದರಿಂದ ಮಗು ಈ ತಪ್ಪು ಮಾಡಿದರೆ ಬೈಯಬಾರದು. ಮಹಾಪಂಡಿತರು ನಿಂತ ಜಾಗದಲ್ಲೇ ಅದೂ ನಿಂತಿದೆ.

ಗೆರೆ ಎಳೆದು ನೋಡಿ. ಕಾಯಿಯ ಸುತ್ತ ಗೆರೆ. ಹೊರಗಿನಿಂದ ಯಾರು ಮುಟ್ಟಿದ್ದಾರೆ? ಗಾಳಿ, ಕೊಂಚ. ಕೈ? ಕೈ ನಮ್ಮ ಹತ್ತಿರವೇ ಇದೆ, ಕಾಯಿ ಆಕಾಶದಲ್ಲಿದೆ. ಮುಟ್ಟದ ಕೈಗೆ ಕಾಯಿಯ ಕಿರ್ದಿಯಲ್ಲಿ ಜಮೆ ಇಲ್ಲ. ಉಳಿದದ್ದು ಭೂಮಿಯ ಎಳೆತ ಮಾತ್ರ: ಏರುವಾಗಲೂ ಅದೇ, ತುದಿಯಲ್ಲೂ ಅದೇ, ಇಳಿಯುವಾಗಲೂ ಅದೇ. ಕೈ ಕೊಟ್ಟದ್ದು ವೇಗ, ಕಾಯಿ ಹೊತ್ತೊಯ್ದದ್ದೂ ವೇಗವನ್ನೇ. ಭೂಮಿ ಆ ವೇಗವನ್ನು ಸೆಕೆಂಡಿಗೆ 9.8 ಮೀಟರಿನಂತೆ ಕಳೆಯುತ್ತಾ ಬರುತ್ತದೆ, ಸೊನ್ನೆಯಾದ ಮೇಲೂ ನಿಲ್ಲಿಸದೆ ಕಳೆಯುತ್ತಲೇ ಹೋಗುತ್ತದೆ.

1992ರಲ್ಲಿ ಅಮೆರಿಕದ ಡೇವಿಡ್ ಹೆಸ್ಟೆನೆಸ್ ಮತ್ತು ಜೊತೆಗಾರರು ಇಂಥವೇ ಸುಮಾರು ಮೂವತ್ತು ಪ್ರಶ್ನೆಗಳ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಲೆಕ್ಕ ಮಾಡುವುದೇನೂ ಇಲ್ಲ, ಸೂತ್ರ ಬೇಡ, ದಿನಬಳಕೆಯ ಮಾತಿನ ಪ್ರಶ್ನೆಗಳು. ನೇರ ಮೇಲಕ್ಕೆ ಎಸೆದ ಉಕ್ಕಿನ ಗುಂಡಿನ ಪ್ರಶ್ನೆಯೂ ಅದರಲ್ಲಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಎರಿಕ್ ಮಝೂರ್ ತನ್ನ ವಿದ್ಯಾರ್ಥಿಗಳಿಗೆ ಈ ಪರೀಕ್ಷೆಯ ಹಿಂದಿನ ರೂಪ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದರು. ಅದನ್ನು ಕೊಟ್ಟಾಗ ವಿದ್ಯಾರ್ಥಿಯೊಬ್ಬರು ಕೇಳಿದರಂತೆ: ನೀವು ಕಲಿಸಿದ ಹಾಗೆ ಉತ್ತರ ಬರೆಯಬೇಕೋ, ನಾನು ಯೋಚಿಸುವ ಹಾಗೆ ಬರೆಯಬೇಕೋ? ಮಝೂರ್ ಈ ಪ್ರಶ್ನೆಯನ್ನು ಮರೆಯಲಿಲ್ಲ. ಪಾಠ ಹೇಳುವ ಕ್ರಮವನ್ನೇ ಬದಲಿಸಿಕೊಂಡರು. ಅವರ ತರಗತಿಯಲ್ಲಿ ವಿದ್ಯಾರ್ಥಿಗಳು ಅಕ್ಕಪಕ್ಕದವರ ಜೊತೆ ವಾದಿಸಿ ಉತ್ತರ ಕಂಡುಕೊಳ್ಳುವುದು ರೂಢಿಯಾಯಿತು.

ಇಳಿಜಾರೋ, ಸ್ಪ್ರಿಂಗೋ

ಕಲಿಯುವವರು ಲೆಕ್ಕವನ್ನು ಹೇಗೆ ಓದುತ್ತಾರೆ ಎಂಬುದನ್ನು 1981ರಲ್ಲಿ ಮಿಶೆಲಿನ್ ಚಿ, ಪಾಲ್ ಫೆಲ್ಟೊವಿಚ್, ರಾಬರ್ಟ್ ಗ್ಲೇಸರ್ ಪರೀಕ್ಷಿಸಿ ಬರೆದರು. ಭೌತಶಾಸ್ತ್ರದ ಲೆಕ್ಕಗಳನ್ನು ಚೀಟಿಗಳಲ್ಲಿ ಬರೆದು, ಒಂದೇ ಜಾತಿಯವನ್ನು ಒಟ್ಟಿಗೆ ಇಡಿ ಎಂದು ಹೊಸಬರಿಗೂ ಪಳಗಿದವರಿಗೂ ಕೊಟ್ಟರು. ಹೊಸಬರು ಇಳಿಜಾರು ಇರುವ ಲೆಕ್ಕಗಳನ್ನೆಲ್ಲ ಒಂದು ಗುಂಪು ಮಾಡಿದರು, ಸ್ಪ್ರಿಂಗ್ ಇರುವವನ್ನು ಇನ್ನೊಂದು. ಪಳಗಿದವರು ಇಳಿಜಾರಿನ ಒಂದು ಲೆಕ್ಕವನ್ನೂ ಸ್ಪ್ರಿಂಗಿನ ಒಂದು ಲೆಕ್ಕವನ್ನೂ ಜೊತೆಗಿಟ್ಟರು, ಎರಡರಲ್ಲೂ ಶಕ್ತಿ ಉಳಿಯುತ್ತದೆ ಎಂಬ ಒಂದೇ ನಿಯಮ ಕೆಲಸ ಮಾಡುತ್ತಿದ್ದ ಕಾರಣಕ್ಕೆ.

ನಮ್ಮ ಹುಡುಗಿಯ ನೋಟ್‌ಬುಕ್ಕಿನಲ್ಲಿಯೂ ಕೊನೆಯ ಎರಡು ಪುಟ ತುಂಬಾ ಸೂತ್ರಗಳು, ಒಂದೊಂದಕ್ಕೂ ಬಣ್ಣದ ಚೌಕಟ್ಟು. ಲೆಕ್ಕದಲ್ಲಿ ಯಾವ ಯಾವ ಅಕ್ಷರದ ಬೆಲೆ ಕೊಟ್ಟಿದ್ದಾರೆ ನೋಡು, ಆ ಅಕ್ಷರಗಳಿರುವ ಸೂತ್ರ ಹುಡುಕು, ಅಂಕಿ ತುಂಬು. ಪರೀಕ್ಷೆಯ ಅವಸರ ಮಕ್ಕಳಿಗೆ ಕಲಿಸಿಬಿಟ್ಟಿರುವ ದಾರಿ ಇದು, ಅದು ಅವರ ತಪ್ಪಲ್ಲ. ಆದರೆ ಲೆಕ್ಕದ ಮಾತು ಸ್ವಲ್ಪ ಬದಲಾದರೆ ದಾರಿ ಮುಗಿದುಹೋಗುತ್ತದೆ. ಗೆರೆ ಎಳೆಯುವವರಿಗೆ ಹಾಗಾಗುವುದಿಲ್ಲ, ಅವರು ಅಕ್ಷರಗಳಿಂದ ಹೊರಡುವುದೇ ಇಲ್ಲ.

ವಿದ್ಯಾರ್ಥಿಯೊಬ್ಬನ ಮನೆಗೆಲಸ

ವಿದ್ಯುತ್ತಿನ ಪಾಠಕ್ಕೆ ಬಂದಾಗ ಎಲ್ಲ ಹೊಸದಾಗಿ ಶುರು ಎಂದು ಅನ್ನಿಸುತ್ತದೆ. ಇಲ್ಲ, ಪೆನ್ಸಿಲ್ ಅದೇ. 1845ರಲ್ಲಿ ಪ್ರಶ್ಯದ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಗುಸ್ತಾವ್ ಕಿರ್ಖಾಫ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಇದ್ದ. ಫ್ರಾನ್ಸ್ ನಾಯ್ಮನ್ ಎಂಬ ಗುರುಗಳು ನಡೆಸುತ್ತಿದ್ದ ವಿಚಾರಗೋಷ್ಠಿಯ ತರಗತಿಗಾಗಿ ಮಾಡಿದ ಕೆಲಸದಲ್ಲಿ ಅವನು ವಿದ್ಯುತ್ ಹರಿಯುವ ತಂತಿಜಾಲಗಳಿಗೆ ಎರಡು ನಿಯಮ ಕಂಡುಕೊಂಡ. ಇವತ್ತಿಗೂ ಅವು ಕಿರ್ಖಾಫ್ ನಿಯಮಗಳೆಂದೇ ಪಠ್ಯದಲ್ಲಿವೆ. ಒಬ್ಬ ವಿದ್ಯಾರ್ಥಿಯ ಮನೆಗೆಲಸ ಲೋಕದ ಎಲ್ಲ ವಿದ್ಯಾರ್ಥಿಗಳ ಮನೆಗೆಲಸವಾದದ್ದು ಹೀಗೆ. ಹುಡುಗಿಗೆ ಇದನ್ನು ಹೇಳಿದಾಗ ಅವಳ ಮುಖದಲ್ಲಿ ಮೊದಲ ಬಾರಿ ಬೆಳಕು ಕಂಡೆ.

ಮೊದಲನೆಯದನ್ನು ಕವಲಿನ ನಿಯಮ ಎನ್ನಬಹುದು. ತಂತಿಗಳು ಕೂಡುವ ಜಾಗದ ಸುತ್ತ ಪುಟ್ಟ ಗೆರೆ ಎಳೆದರೆ, ಒಳಕ್ಕೆ ಎಷ್ಟು ಪ್ರವಾಹ ಬರುತ್ತದೋ ಹೊರಕ್ಕೂ ಅಷ್ಟೇ ಹೋಗಬೇಕು. ಕಾಲುವೆ ಕವಲೊಡೆದು ಎರಡು ಗದ್ದೆಗೆ ಹೋದರೆ ಎರಡರ ನೀರು ಕೂಡಿ ಮೊದಲಿನಷ್ಟೇ. ಬಲ್ಬಿನ ಸುತ್ತ ಗೆರೆ ಎಳೆದರೂ ಅಷ್ಟೆ, ಒಂದು ತುದಿಯಲ್ಲಿ ಹೊಕ್ಕ ಪ್ರವಾಹ ಇನ್ನೊಂದು ತುದಿಯಲ್ಲಿ ಪೂರ್ತಿ ಹೊರಬರುತ್ತದೆ. ಬಲ್ಬು ಪ್ರವಾಹವನ್ನು ತಿಂದುಹಾಕುತ್ತದೆ, ಮುಂದಿನ ಬಲ್ಬಿಗೆ ಉಳಿದದ್ದು ಹೋಗುತ್ತದೆ ಎಂಬ ಕಲ್ಪನೆ ಎಲ್ಲರಲ್ಲೂ ಬೇರುಬಿಟ್ಟಿದೆ. ಸೈಕಲ್ ಚೈನನ್ನು ನೆನೆಯಿರಿ. ಪೆಡಲ್ ತುಳಿದರೆ ಚೈನಿನ ಎಲ್ಲ ಕೊಂಡಿಗಳೂ ಒಟ್ಟಿಗೆ ಹೊರಡುತ್ತವೆ, ಹಿಂದಿನ ಗಾಲಿಯನ್ನು ತಿರುಗಿಸಿದ ಮೇಲೆ ಒಂದು ಕೊಂಡಿಯೂ ಕಡಿಮೆಯಾಗದೆ ಮರಳುತ್ತವೆ. ಕೊಂಡಿ ಖರ್ಚಾಗುವುದಿಲ್ಲ, ಕಾಲಿನ ದುಡಿಮೆ ಖರ್ಚಾಗುತ್ತದೆ. ಸ್ವಿಚ್ ಒತ್ತಿದ ತಕ್ಷಣ ದೀಪ ಹತ್ತುವುದೂ ಇದರಿಂದಲೇ. ತಂತಿಯೊಳಗಿನ ಎಲೆಕ್ಟ್ರಾನುಗಳ ಸಾಗಾಟ ಸೆಕೆಂಡಿಗೆ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಮನೆಯ ವಿದ್ಯುತ್ತಿನಲ್ಲಂತೂ ಅವು ಅಲ್ಲಲ್ಲೇ ಹಿಂದೆ ಮುಂದೆ ತೂಗಾಡುತ್ತವೆ. ಆದರೆ ಹೊರಡುವುದು ಎಲ್ಲೆಡೆ ಒಟ್ಟಿಗೇ.

ಎರಡನೆಯದು ಸುತ್ತಿನ ನಿಯಮ. ಚಾಮುಂಡಿ ಬೆಟ್ಟವನ್ನು ಸುಮಾರು ಸಾವಿರ ಮೆಟ್ಟಿಲು ಹತ್ತಿ, ಬೇಕಾದರೆ ಬಸ್ಸಿನ ರಸ್ತೆಯಲ್ಲಿ ಇಳಿದು, ಹೊರಟ ಜಾಗಕ್ಕೇ ಬಂದು ನಿಂತರೆ ಹತ್ತಿದ ಎತ್ತರವೂ ಇಳಿದ ಎತ್ತರವೂ ಸಮ. ವಿದ್ಯುತ್ತಿಗೂ ಒಂದು ಎತ್ತರವಿದೆ. ಪಠ್ಯದಲ್ಲಿ ಅದರ ಏರಿಳಿತಕ್ಕೆ ವಿಭವಾಂತರ ಎಂದು ಹೆಸರು, ಅಳತೆ ವೋಲ್ಟಿನಲ್ಲಿ. ಬ್ಯಾಟರಿ ಎತ್ತರಕ್ಕೆ ಹತ್ತಿಸುತ್ತದೆ, ಬಲ್ಬುಗಳಲ್ಲಿ ಇಳಿಯುತ್ತದೆ. ಒಂದು ಸುತ್ತು ಮುಗಿದಾಗ ಹತ್ತಿದ್ದು ಇಳಿದದ್ದು ಸಮವಾಗಬೇಕು. ಗಾಡಿಯ ಕಿರ್ದಿಯಲ್ಲಿ ಬಲಗಳಿದ್ದವು. ಇಲ್ಲಿ ಎರಡು ಕಿರ್ದಿ: ಕವಲಿನಲ್ಲಿ ಪ್ರವಾಹದ್ದು, ಸುತ್ತಿನಲ್ಲಿ ಎತ್ತರದ್ದು.

ನಲವತ್ತು ನೂರನ್ನು ಮೀರುವ ಜಾಗ

ತಂತಿಯ ಸುರುಳಿ ಇರುವ ಹಳೆಯ ಕಾಲದ ಎರಡು ಬಲ್ಬು, ಒಂದು 100 ವ್ಯಾಟ್, ಒಂದು 40 ವ್ಯಾಟ್. ಎರಡನ್ನೂ ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿ 230 ವೋಲ್ಟಿಗೆ ಹಾಕಿದರೆ ಯಾವುದು ಹೆಚ್ಚು ಬೆಳಗುತ್ತದೆ? ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಲೆಕ್ಕ. (ಕಾಗದದ ಮೇಲೆ ಮಾತ್ರ ಮಾಡಿ, ಮನೆಯ ಲೈನಿಗೆ ಬರಿ ತಂತಿ ಸಿಕ್ಕಿಸಿ ನೋಡಬೇಡಿ.)

ನೂರರದ್ದು ಎಂದು ಬಾಯಿ ಹೇಳುತ್ತದೆ. ಬಲ್ಬಿನ ಮೇಲೆ ಅಚ್ಚಾದ ನೂರು ಅದರ ಹುಟ್ಟುಗುಣವೆಂದು ನಾವು ತಿಳಿದಿರುವುದೇ ಕಾರಣ. 230 ವೋಲ್ಟ್ ಪೂರ್ತಿ ಸಿಕ್ಕಾಗ 100 ವ್ಯಾಟ್ ಎಂಬುದು ಅದರ ಪೂರ್ಣ ಅರ್ಥ. ಈ ಜೋಡಣೆಯಲ್ಲಿ ಪೂರ್ತಿ ಯಾರಿಗೂ ಸಿಕ್ಕುವುದಿಲ್ಲ.

ಕವಲಿಲ್ಲದ ದಾರಿ, ಆದ್ದರಿಂದ ಎರಡರಲ್ಲೂ ಪ್ರವಾಹ ಒಂದೇ. ಇದು ಮೊದಲ ಕಿರ್ದಿ. ಒಂದೇ ಪ್ರವಾಹವನ್ನು ತನ್ನ ಮೂಲಕ ದಾಟಿಸಲು ಹೆಚ್ಚು ಎತ್ತರ ಕೇಳುವುದು ಯಾರು? ಹೆಚ್ಚು ಅಡ್ಡಿ ಮಾಡುವವರು. 40 ವ್ಯಾಟಿನ ಬಲ್ಬಿನ ಸುರುಳಿ ತೆಳು, ಅದರ ರೋಧ ಸುಮಾರು 1320 ಓಮ್. ನೂರರದ್ದು ಸುಮಾರು 530. ಎರಡನೆಯ ಕಿರ್ದಿಯಲ್ಲಿ 230 ವೋಲ್ಟನ್ನು ಇದೇ ಪ್ರಮಾಣದಲ್ಲಿ ಹಂಚಿದರೆ ನಲವತ್ತಕ್ಕೆ ಸುಮಾರು 164, ನೂರಕ್ಕೆ 66. ಉರಿಯುವ ಶಕ್ತಿಯೂ ಅದೇ ಪ್ರಮಾಣದಲ್ಲಿ, ನಲವತ್ತರಲ್ಲಿ ಸುಮಾರು 20 ವ್ಯಾಟ್, ನೂರರಲ್ಲಿ 8. ಚಿಕ್ಕ ಬಲ್ಬು ಬೆಳಗುತ್ತದೆ, ದೊಡ್ಡದು ಮಂಕಾಗಿ ಕೆಂಪಗೆ ಕಾಣುತ್ತದೆ. ನಿಜದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು, ಏಕೆಂದರೆ ಸುರುಳಿ ತಣ್ಣಗಿದ್ದಷ್ಟೂ ಅದರ ರೋಧ ಇಳಿಯುತ್ತದೆ. ಹೆಚ್ಚು ತಣ್ಣಗಾದ ದೊಡ್ಡ ಬಲ್ಬಿನ ಪಾಲು ಮತ್ತಷ್ಟು ಕುಗ್ಗುತ್ತದೆ. ಈಗಿನ ಎಲ್‌ಇಡಿ ಬಲ್ಬುಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅವುಗಳ ಹೊಟ್ಟೆಯಲ್ಲಿ ಬೇರೆಯೇ ಒಂದು ಯಂತ್ರಸಾಮಗ್ರಿ ಕೂತಿದೆ.

ಮಝೂರ್ ತನ್ನ ವಿದ್ಯಾರ್ಥಿಗಳಿಗೆ ಕೊಟ್ಟ ಒಂದು ಪ್ರಶ್ನೆ ಇದಕ್ಕಿಂತಲೂ ಸರಳ. ಒಂದೇ ತರಹದ ಮೂರು ಬಲ್ಬು, ಬ್ಯಾಟರಿಗೆ ಸರಣಿಯಲ್ಲಿ. ಮೂರನೆಯ ಬಲ್ಬಿನ ಎರಡು ತುದಿಗೂ ಅಡ್ಡಲಾಗಿ ಒಂದು ಸ್ವಿಚ್ಚು. ಒತ್ತಿದರೆ ಏನಾಗುತ್ತದೆ? ಅದೇ ಪರೀಕ್ಷೆಯಲ್ಲಿ ಅಂಕಿಗಳಿದ್ದ, ಸಮೀಕರಣ ಬಿಡಿಸಬೇಕಾಗಿದ್ದ ಕ್ಲಿಷ್ಟ ಜಾಲವೊಂದನ್ನೂ ಕೊಟ್ಟಿದ್ದರು. ಕ್ಲಿಷ್ಟವಾದದ್ದನ್ನು ಸರಿಮಾಡಿದ ಅನೇಕರು ಬಲ್ಬಿನ ಪ್ರಶ್ನೆಯಲ್ಲಿ ಮುಗ್ಗರಿಸಿದರು. ಹುಡುಗಿಗೆ ಇದನ್ನು ಕೊಟ್ಟು ಬ್ಯಾಟರಿ 9 ವೋಲ್ಟ್ ಎಂದೆ. ಸುತ್ತು ಬರೆದಳು. ಮೊದಲು ಮೂರು ಮೂರು ವೋಲ್ಟಿನ ಮೂರು ಇಳಿತ. ಸ್ವಿಚ್ಚು ಒತ್ತಿದ ಮೇಲೆ ಮೂರನೆಯ ಬಲ್ಬಿನ ಪಕ್ಕದಲ್ಲೇ ಅಡ್ಡಿಯಿಲ್ಲದ ದಾರಿ ತೆರೆದು ಅಲ್ಲಿನ ಇಳಿತ ಸೊನ್ನೆ, 9ನ್ನು ಇಬ್ಬರೇ ಹಂಚಿಕೊಂಡು ನಾಲ್ಕೂವರೆ ನಾಲ್ಕೂವರೆ. ಮೂರನೆಯದು ಆರಿಹೋಗುತ್ತದೆ, ಮೊದಲೆರಡು ಹೆಚ್ಚು ಬೆಳಗುತ್ತವೆ. ಒಂದೂ ಸೂತ್ರ ಬಳಸದೆ ಹೇಳಿದಳು.

ಮೋಟಾರು ಹಾಕಿದ ಹೊತ್ತು

ರಜೆಯ ಕೊನೆಯ ಸಂಜೆ ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಬಾವಿಯ ಮೋಟಾರು ಹಾಕಿದೆವು. ಅಲ್ಲಿ ಇನ್ನೂ ಉಳಿದಿರುವ ಹಳೆಯ ಸುರುಳಿ ಬಲ್ಬು ಒಂದು ಕ್ಷಣ ಮಂಕಾಗಿ ಮತ್ತೆ ಎದ್ದಿತು. ಹಳ್ಳಿಯ ಮನೆಗಳಲ್ಲಿ ದಿನಾ ಕಾಣುವ ನೋಟ. “ಮೋಟಾರು ಕರೆಂಟೆಲ್ಲ ಎಳ್ಕೊಂಬಿಡ್ತು” ಎನ್ನುವುದು ವಾಡಿಕೆಯ ವಿವರಣೆ. ಹುಡುಗಿ ಆ ಮಾತನ್ನು ಒಪ್ಪಲಿಲ್ಲ. ಬಲ್ಬೂ ಮೋಟಾರೂ ಸಮಾಂತರವಾಗಿವೆ, ಎರಡಕ್ಕೂ ಒಂದೇ ಎತ್ತರ ಸಿಗಬೇಕು, ಒಬ್ಬರು ಎಳೆದರೆ ಇನ್ನೊಬ್ಬರಿಗೆ ಯಾಕೆ ಕಡಿಮೆಯಾಗಬೇಕು ಎಂದು ಕೇಳಿದಳು.

“ಸುತ್ತು ಪೂರ್ತಿ ಬರೆದಿದೀಯಾ?” ಎಂದೆ.

ಟ್ರಾನ್ಸ್‌ಫಾರ್ಮರಿನಿಂದ ಮನೆಯವರೆಗಿನ ಕಂಬದ ತಂತಿಗಳನ್ನು ಅವಳು ಬಿಟ್ಟಿದ್ದಳು. ತಂತಿಗೂ ರೋಧವಿದೆ. ಹೋಗುವ ಬರುವ ತಂತಿ ಎರಡೂ ಸೇರಿ ಅರ್ಧ ಓಮ್ ಎಂದುಕೊಂಡೆವು. ಬಲ್ಬು, ಫ್ಯಾನು, ಟಿವಿಗೆ 2 ಆಂಪಿಯರ್ ಹರಿಯುತ್ತಿದ್ದರೆ ತಂತಿಯಲ್ಲೇ ಇಳಿಯುವುದು ಒಂದು ವೋಲ್ಟ್, ಮನೆಗೆ 229. ಮೋಟಾರು ತಿರುಗಲು ಶುರುವಾಗುವ ಕ್ಷಣದಲ್ಲಿ ಅದು ಓಡುವಾಗ ಬೇಕಾಗುವುದಕ್ಕಿಂತ ಹಲವು ಪಟ್ಟು ಪ್ರವಾಹ ಕೇಳುತ್ತದೆ. ಒಟ್ಟು 30 ಆಂಪಿಯರ್ ಎಂದಿಟ್ಟರೆ ತಂತಿಯಲ್ಲಿ ಇಳಿಯುವುದು 15 ವೋಲ್ಟ್, ಮನೆಗೆ ಉಳಿಯುವುದು 215. ಮೋಟಾರಿಗೂ 215, ಬಲ್ಬಿಗೂ 215. ಯಾರೂ ಯಾರದನ್ನೂ ಕಿತ್ತುಕೊಂಡಿಲ್ಲ. ದಾರಿಯಲ್ಲೇ ಎತ್ತರ ಕಳೆದುಹೋಗಿದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಒಯ್ದವರಿಗೂ ಎದುರಾಗಿದ್ದು ಈ ಲೆಕ್ಕವೇ. ದಾರಿಯ ಇಳಿತ ಪ್ರವಾಹವನ್ನು ಅನುಸರಿಸುತ್ತದೆ, ಆದ್ದರಿಂದ ಪ್ರವಾಹವನ್ನು ಕಡಿಮೆ ಮಾಡಿ, ಎತ್ತರವನ್ನು ಸಾವಿರಾರು ವೋಲ್ಟಿಗೆ ಏರಿಸಿ ಕಳಿಸುತ್ತಾರೆ. ಹುಡುಗಿ ಇದನ್ನು ಕೇಳಿಸಿಕೊಂಡರೂ ಅವಳ ಗಮನ ಬೇರೆ ಕಡೆ ಇತ್ತು.

“ದೊಡ್ಡಪ್ಪ, ಟ್ರಾನ್ಸ್‌ಫಾರ್ಮರ್ ಪಕ್ಕದ ಮನೆಯವರ ಬಲ್ಬು ನಮ್ಮ ಮೋಟಾರು ಹಾಕಿದ್ರೆ ಮಂಕಾಗುತ್ತಾ?”

ನಾನು ಉತ್ತರ ಹೇಳಲಿಲ್ಲ. ಅವಳೇ ಕಂಬಗಳನ್ನು ಎಣಿಸಿ ಬಂದಳು. ಟ್ರಾನ್ಸ್‌ಫಾರ್ಮರಿನಿಂದ ನಮ್ಮ ಮನೆಗೆ ಹತ್ತು ಕಂಬ, ಅವರ ಮನೆ ಎರಡನೆಯ ಕಂಬದಲ್ಲಿ. ನಮ್ಮ ಮೋಟಾರಿನ ಪ್ರವಾಹ ಅವರ ಕಂಬವನ್ನು ದಾಟಿಯೇ ಬರುತ್ತದೆ, ಆದರೆ ಅವರ ಪಾಲಿಗೆ ಬರುವ ತಂತಿ ಐದನೆಯ ಒಂದು ಭಾಗ, ರೋಧವೂ ಐದನೆಯ ಒಂದು ಭಾಗ. ಮೂರು ವೋಲ್ಟ್ ಇಳಿಯಬೇಕು, ನಮ್ಮಲ್ಲಿ ಹದಿನೈದು. ಬರೆದಿಟ್ಟು ಮೊಬೈಲ್ ಹಿಡಿದು ಹೊರಟಳು. ಆ ಮನೆಯಲ್ಲಿ ಕೋಳಿಮರಿಗಳಿಗೆ ಕಾವು ಕೊಡಲು ಸುರುಳಿ ಬಲ್ಬು ಹಚ್ಚಿಡುತ್ತಾರೆ. ಅದರ ಮುಂದೆ ಕೂತು ಫೋನು ಮಾಡಿದಳು. ನಾನು ಮೋಟಾರು ಹಾಕಿದೆ. ನಮ್ಮ ಕೊಟ್ಟಿಗೆಯ ಬಲ್ಬು ಕುಗ್ಗಿ ಎದ್ದಿತು.

“ಇಲ್ಲಿ ಒಂಚೂರೇ ಚೂರು ಮಿಣುಕ್ತು ದೊಡ್ಡಪ್ಪ. ನೋಡ್ತಾ ಕೂತಿರದಿದ್ರೆ ಗೊತ್ತೇ ಆಗ್ತಿರಲಿಲ್ಲ. ಇನ್ನೊಂದ್ಸಲ ಹಾಕಿ.”